ಬೂದಿಯಲ್ಲಿ ಸೋಸಿದ ಗೇರ್ ಎಣ್ಣೆ

ಅಥವಾ ಬಾಟಲಿಗಳು ಮೂರೇ ಇದ್ದವೋ ಏನೋ. ನಾಲ್ಕು ಎಂದು ಬರೆಯಲು ಹೊರಟವಳ ಕೈ ನಿಂತಿತು. ಬಾಯ್ಲರಿನ ಪಕ್ಕದ ಇಟ್ಟಿಗೆ ಕಟ್ಟೆ ಕಣ್ಣಿಗೆ ಬರುತ್ತದೆ. ಅದರ ಮೇಲಿನ ಮಸಿ, ಬಾಟಲಿಗಳ ಬಾಯಿಗೆ ಕಟ್ಟಿದ್ದ ಹಳೇ ಧೋತರದ ಚೂರುಗಳು, ಎಲ್ಲ ಬರುತ್ತವೆ. ಎಣಿಸಲು ಹೋದರೆ ಮಾತ್ರ ಒಂದು ಸಲ ಮೂರು, ಒಂದು ಸಲ ನಾಲ್ಕು.

ನನ್ನ ಅಣ್ಣನಿಗೆ ಈ ತೊಂದರೆ ಇಲ್ಲ. ಮನೆಯಲ್ಲಿ ಯಾವುದೇ ಮದುವೆಯಾಗಲಿ, ಊಟ ಮುಗಿದು ಎಲೆಯಡಿಕೆ ಬರುವ ಹೊತ್ತಿಗೆ ಅವನು ಶುರು ಮಾಡುತ್ತಾನೆ. "ಮೂರು ಬಾಟ್ಲಿ ಇಟ್ಲು ನಮ್ಮ ತಂಗಿ. ಸಾವಕಾರನ ಬಾಯಿ ಬಂದ್ ಆತು. ಅಪ್ಪ ಎಲ್ಲಾರ ಮುಂದ ನಂದ ತಪ್ಪಾತು ಅಂದ. ಡ್ರೈವರ್ ಚಾಚಾ ಗೊಳೋ ಅಂತ ಅತ್ತ." ಕೇಳಿದವರು ತಲೆದೂಗುತ್ತಾರೆ. ನನಗೆ ಎದ್ದು ಹೋಗಬೇಕೆನಿಸುತ್ತದೆ. ಆ ವಾರ ಅಣ್ಣ ಗಂಗಾವತಿಯಲ್ಲೇ ಇರಲಿಲ್ಲ, ಕುಷ್ಟಗಿಯ ಸೋದರಮಾವನ ಮನೆಯಲ್ಲಿದ್ದ. ಅವನ ಕಥೆ ನಮ್ಮಪ್ಪ ಬೂದಿಯಲ್ಲಿ ಸೋಸುತ್ತಿದ್ದ ಎಣ್ಣೆಯ ಹಾಗೆ ಇದೆ: ನೋಡಲು ತಿಳಿ, ಕೆಲಸಕ್ಕೆ ಬಾರದ್ದು. ನಾನಂತೂ ಅಲ್ಲೇ ಇದ್ದೆ. ಹಾಗೆಂದು ನನ್ನ ನೆನಪನ್ನು ಪೂರಾ ನಂಬಬೇಡಿ. ನಾನೂ ನಂಬುವುದಿಲ್ಲ.

ಎಪ್ಪತ್ತರ ದಶಕದ ಕೊನೆಯ ಒಂದು ಬೇಸಿಗೆ. ವರ್ಷ ಇಂಥದ್ದೇ ಎಂದು ಹೇಳಲಾರೆ. ಕೊಪ್ಪಳದ ಕಾಲೇಜಿನಲ್ಲಿ ಬಿಎಸ್ಸಿ ಮುಗಿಸಿ ಅಲ್ಲೇ ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಡೆಮಾನ್‌ಸ್ಟ್ರೇಟರ್ ಆಗಿದ್ದೆ, ರಜೆಗೆ ಗಂಗಾವತಿಗೆ ಬಂದಿದ್ದೆ. ಅಪ್ಪ ಒಂದು ಅಕ್ಕಿ ಮಿಲ್ಲಿನಲ್ಲಿ ಲಾರಿಗಳ ಮಿಸ್ತ್ರಿ. ಮಿಲ್ಲಿನ ಹಿಂಬದಿಗೆ ತಗಡಿನ ಛಪ್ಪರ, ಅದರಡಿ ಅವನ ಗ್ಯಾರೇಜು. ಒಂದು ಪಕ್ಕ ಭತ್ತ ಕುದಿಸುವ ಬಾಯ್ಲರು, ಇನ್ನೊಂದು ಪಕ್ಕ ಬಾಯ್ಲರಿನಿಂದ ಬಿದ್ದ ಭತ್ತದ ಹೊಟ್ಟಿನ ಬೂದಿಯ ಗುಡ್ಡ. ಗಾಳಿ ಬೀಸಿದರೆ ನಮ್ಮ ಮನೆಯ ಸಾರಿನಲ್ಲೂ ಆ ಬೂದಿಯೇ.

ಗೇರ್ ಎಣ್ಣೆ ಆಗ ಸುಲಭಕ್ಕೆ ಸಿಗುತ್ತಿರಲಿಲ್ಲ. ಸಿಕ್ಕ ಡಬ್ಬಿಯನ್ನು ಅಪ್ಪ ಔಷಧದಂತೆ ಬಳಸುತ್ತಿದ್ದ. ಲಾರಿಯ ಗೇರ್‌ಬಾಕ್ಸಿನಿಂದ, ಹಿಂದಿನ ಆ್ಯಕ್ಸಲ್ಲಿನ ಹೊಟ್ಟೆಯಿಂದ ಇಳಿಸಿದ ಹಳೇ ಎಣ್ಣೆಯನ್ನು ಚೆಲ್ಲುವ ಮಾತೇ ಇಲ್ಲ. ಉಳಿದ ಮಿಸ್ತ್ರಿಗಳು ಅದನ್ನು ಬಟ್ಟೆಯಲ್ಲಿ ಸೋಸಿ ಮತ್ತೆ ಹಾಕುತ್ತಿದ್ದರು. ಅಪ್ಪನ ಹೆಸರು ದೊಡ್ಡದಾದದ್ದು ಬೂದಿಯಿಂದ. ತಳಕ್ಕೆ ತೂತು ಮಾಡಿದ ಮಡಿಕೆ, ಒಳಗೆ ಒಂದು ಪದರ ಗೋಣಿ, ಅದರ ಮೇಲೆ ಗಿಡಿದು ತುಂಬಿದ ಹೊಟ್ಟಿನ ಬೂದಿ. ಬಿಸಿ ಮಾಡಿದ ಕರೀ ಎಣ್ಣೆ ಮೇಲಿಂದ ಹೊಯ್ದರೆ ಕೆಳಗಿನ ಡಬ್ಬಿಗೆ ಜೇನಿನ ಬಣ್ಣದ ಎಣ್ಣೆ ಹನಿಹನಿಯಾಗಿ ಇಳಿಯುತ್ತಿತ್ತು. ಗೇರ್ ಎಣ್ಣೆಗೆ ಇರುವ ಆ ಕೆಟ್ಟ ಗಂಧಕದ ವಾಸನೆಯೂ ಮಾಯ.

ಪರೀಕ್ಷೆ ಮಾಡುವ ವಿಧಾನವೂ ಅವನದೇ. ಹೆಬ್ಬೆರಳಿನ ಉಗುರಿನ ಮೇಲೆ ಒಂದು ಹನಿ ಬಿಟ್ಟುಕೊಂಡು ಬಿಸಿಲಿಗೆ ಹಿಡಿಯುವುದು. ಉಗುರಿನ ಬುಡದಲ್ಲಿರುವ ಬಿಳೀ ಅರ್ಧಚಂದ್ರ ಎಣ್ಣೆಯೊಳಗಿಂದ ಕಂಡರೆ ಎಣ್ಣೆ ಪಾಸು.

"ಚಂದ್ರ ಕಂಡನೇನಪ್ಪಾ?" ಎಂದು ಡ್ರೈವರುಗಳನ್ನು ಕೇಳುತ್ತಿದ್ದ.

"ಕಂಡನ್ರಿ ಮಿಸ್ತ್ರಿ, ನಿಮ್ಮ ಉಗುರಾಗಿನ ಹೊಲಸು ಸೈತ ಕಂಡಿತು."

ನಗು. ಬೇರೆ ಮಿಲ್ಲಿನವರೂ ಡಬ್ಬಿ ಹಿಡಿದುಕೊಂಡು ಬರುತ್ತಿದ್ದರು. ಸಣ್ಣವಳಿದ್ದಾಗ ನಾನೂ ಉಗುರು ಚಾಚಿ ನಿಲ್ಲುತ್ತಿದ್ದೆ. ನನ್ನ ಅಪ್ಪನಷ್ಟು ಬುದ್ಧಿವಂತ ಕೊಪ್ಪಳ, ಯಲಬುರ್ಗಿ, ಕುಷ್ಟಗಿ ಎಲ್ಲೂ ಇಲ್ಲ ಎಂದು ನಂಬಿದ್ದೆ. ಈಗಲೂ ಪೂರಾ ಬಿಟ್ಟಿಲ್ಲ ಆ ನಂಬಿಕೆ.

ಆ ಬೇಸಿಗೆಯಲ್ಲಿ ಅಕ್ಕಿ ಹೇರಿಕೊಂಡು ಯಲಬುರ್ಗಿಗೆ ಹೊರಟ ಲಾರಿ ತಳಕಲ್ ದಾಟುವ ಮುಂಚೆ ನಿಂತುಹೋಯಿತು. ನಡುಹಗಲು. ಹಿಂದಿನ ಆ್ಯಕ್ಸಲ್ ಮೊದಲು ಅರಚಿತಂತೆ, ಆಮೇಲೆ ಗಕ್ಕನೆ ಹಿಡಿದುಕೊಂಡಿತಂತೆ. ಅಪ್ಪ ಸಾಮಾನು ತೆಗೆದುಕೊಂಡು ಹೋಗಿ ಬಿಚ್ಚಿ ನೋಡಿದ. ಹಲ್ಲುಗಳು ಸುಟ್ಟು ನೀಲಿಯಾಗಿದ್ದವು, ಕೆಲವು ಮುರಿದಿದ್ದವು. ಒಳಗಿದ್ದದ್ದು ಎಣ್ಣೆಯಲ್ಲ, ಆರಿದ ಬೆಲ್ಲದ ಪಾಕದಂಥ ಕಂದು ಜಿಗಟು. ಅದನ್ನು ಒಂದು ಡಬ್ಬಿಗೆ ಬಳಿದುಕೊಂಡು ಬಂದು ಸಾವಕಾರನ ಮುಂದೆ ಇಟ್ಟ. ಸಾವಕಾರ ಎಂದರೆ ಮಿಲ್ಲಿನ ಮಾಲೀಕ. ಅವನು ಡಬ್ಬಿ ಮೂಗಿಗೆ ಹಿಡಿದ.

"ಇದು ಕುಸುಬಿ ಎಣ್ಣಿ."

ಅವನಿಗೆ ಹಾಗನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ನಮ್ಮ ಕಡೆ ಪ್ರತಿ ಮನೆಯ ಕುಸುಬಿ ಎಣ್ಣೆಯ ಡಬ್ಬಿಯ ಬಾಯಲ್ಲಿ ಅಂಥದೇ ಜಿಗಟು ಕಟ್ಟಿರುತ್ತದೆ, ಅಂಥದೇ ಕಮಟು ನಾರುತ್ತದೆ. ದಾರಿಯಲ್ಲಿ ಗೇರ್ ಎಣ್ಣೆ ಇಳಿಸಿ ಮಾರಿ, ಅದರ ಜಾಗಕ್ಕೆ ಗಾಣದ ಕುಸುಬಿ ಎಣ್ಣೆ ಹಾಕಿಕೊಂಡು ಬರುವ ಡ್ರೈವರುಗಳ ಸುದ್ದಿಯೂ ಆಗ ಓಡಾಡುತ್ತಿತ್ತು. ಹಾಗಾಗಿ ಯಾರೂ ಬೇರೇನೂ ಕೇಳಲಿಲ್ಲ. ಲಾರಿಯ ಚಾವಿಯನ್ನು ಸಾವಕಾರ ಡ್ರೈವರನ ಕೈಯಿಂದ ತೆಗೆದುಕೊಂಡು ಆಫೀಸಿನ ಗೋಡೆಯ ಮೊಳೆಗೆ ತಗುಲಿಹಾಕಿದ.

ಡ್ರೈವರ್ ಹುಲಿಹೈದರದವನು. ಐವತ್ತು ದಾಟಿದವನು. ಊರವರೆಲ್ಲ ಸಾಬರು ಎನ್ನುತ್ತಿದ್ದರು, ನನಗೆ ಚಾಚಾ. ಮೂರು ವರ್ಷ ನಾನು ಕಾಲೇಜಿಗೆ ಹೋದದ್ದು ಬಹಳ ಸಲ ಅವನ ಲಾರಿಯ ಕ್ಯಾಬಿನ್ನಿನಲ್ಲೇ. ಸೋಮವಾರ ಕೊಪ್ಪಳಕ್ಕೆ ಬಿಟ್ಟು, ಶನಿವಾರ ಆ ಕಡೆಯಿಂದ ಬಂದರೆ ಕಾಲೇಜಿನ ಗೇಟಿಗೆ ಬಂದು ಹಾರ್ನ್ ಹೊಡೆಯುತ್ತಿದ್ದ. "ಈ ವಾರ ಏನ್ ಕಲ್ಸಿದ್ರವ್ವಾ?" ಎಂದು ಕೇಳುತ್ತಿದ್ದ. ನಾನು ಬೆಂಜೀನಿನ ಆರು ಕಾರ್ಬನ್ನುಗಳ ಉಂಗುರದ ಕಥೆ ಹೇಳಿದರೆ, "ಆರು ಮಂದಿ ಕೈ ಕೈ ಹಿಡಕೊಂಡು ಕುಂತಾರೇನು? ಭಲೇ. ನಮ್ಮ ಹಮಾಲರು ಮೂರು ಮಂದಿ ಜಗಳಿಲ್ಲದ ಕುಂದ್ರಂಗಿಲ್ಲ" ಎನ್ನುತ್ತಿದ್ದ.

ಅವನಿಗೆ ಸಾವಕಾರ ಹೇಳಿದ್ದು ನನ್ನ ಕಿವಿಯಲ್ಲಿದೆ. ಇದನ್ನು ಮಾತ್ರ ನಾನು ಅನುಮಾನಿಸುವುದಿಲ್ಲ.

"ಹುಬ್ಬಳ್ಳಿಯಿಂದ ಆ್ಯಕ್ಸಲ್ಲಿನ ಹೊಸಾ ಸೆಟ್ ಬರಬೇಕು. ಬಂದು, ಲಾರಿ ಹೊರಬೀಳೋತನಕ ಟೈಮ್ ಐತಿ ನಿನಗ. ಅಷ್ಟರಾಗ ಖರೇ ಹೇಳು. ಹೇಳಲಿಲ್ಲಂದ್ರ ಗಂಗಾವತ್ಯಾಗ ಯಾವ ಮಿಲ್ಲಿನ ಚಾವಿನೂ ನಿನ್ನ ಕೈಗೆ ಬರಂಗಿಲ್ಲ, ನಾ ಬರಗೊಡಂಗಿಲ್ಲ."

"ಖರೇ ಹೇಳೀನಿ ಸಾವಕಾರ. ಇನ್ನೊಂದು ಖರೇ ಎಲ್ಲಿಂದ ತರ್ಲಿ?"

ಸಾವಕಾರನ ಹಿಂದೆಯೇ ಅಪ್ಪ ನಿಂತಿದ್ದ. ಆ ಲಾರಿಗೆ ಮೂರು ತಿಂಗಳ ಹಿಂದೆ ಎಣ್ಣೆ ಹಾಕಿದವನು ಅವನು. ಬೂದಿಯಲ್ಲಿ ಸೋಸಿದ ಎಣ್ಣೆ. ಚಂದ್ರ ಕಂಡ ಎಣ್ಣೆ.

ಮನೆಗೆ ಬಂದು ಊಟಕ್ಕೆ ಕೂತಾಗ ನಾನೇ ಬಾಯಿಬಿಟ್ಟೆ. ಕಾಲೇಜಿನಲ್ಲಿ ಎಲೆಯ ರಸವನ್ನು ಸುಣ್ಣದ ಪುಡಿಯ ಕೊಳವೆಯಲ್ಲಿ ಇಳಿಸುವ ಪ್ರಯೋಗವಿತ್ತು. ಹಸಿರು ಒಂದು ಕಡೆ ಅಂಟುತ್ತದೆ, ಹಳದಿ ಇನ್ನೊಂದು ಕಡೆ. ಕೆಳಗೆ ಬರುವುದು ಬರೀ ದ್ರಾವಕ. ಅಪ್ಪನ ಮಡಿಕೆಯೂ ಅಂಥದೇ ಕೊಳವೆ ಎಂದು ನನಗೆ ಅದೆಷ್ಟೋ ದಿನದ ಹಿಂದೆ ಹೊಳೆದಿತ್ತು. ಹೊಳೆದದ್ದನ್ನು ನುಂಗಿಕೊಂಡಿದ್ದೆ. ಅಪ್ಪನ ಹೆಸರಿನ ಆಸೆಗೆ.

"ಅಪ್ಪಾ, ಬೂದಿ ಹೊಲಸನ್ನಷ್ಟ ಹಿಡಿಯಂಗಿಲ್ಲ. ಎಣ್ಣಿ ಕೆಡದಂಗ ಕಾಯೋ ಔಷಧಾನೂ ಹಿಡೀತೈತಿ."

"ಯಾವ ಔಷಧ?"

"ಕಂಪನ್ಯಾಗ ಹಾಕಿರ್ತಾರ. ಆ ವಾಸನಿ ಬರ್ತೈತಲ್ಲ, ಅದರಾಗ ಅರ್ಧ ಔಷಧ. ವಾಸನಿ ಹೋತು ಅಂದ್ರ ಅದೂ ಹೋತು."

ಅಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. "ಹದಿನೈದು ವರ್ಷ ಸೋಸೀನಿ ನಾನು."

"ಹದಿನೈದು ವರ್ಷದಾಗ ಎಷ್ಟು ಆ್ಯಕ್ಸಲ್ ಮುರದಾವು, ಎಷ್ಟು ಡ್ರೈವರ್ ಬೈಸಿಕೊಂಡಾರ, ನೆನಪು ಮಾಡ್ಕೋ."

ಅವ್ವ ನನ್ನ ತಟ್ಟೆಯನ್ನು ಸರಿಸಿ, "ಬಾಯಿ ಭಾಳ ಆತು ನಿಂದು" ಎಂದಳು. ಅಪ್ಪ ಕೈ ತೊಳೆದುಕೊಂಡು ಎದ್ದ. ಬಾಗಿಲಲ್ಲಿ ನಿಂತು ಹೇಳಿದ: "ಮಾತಿಲೆ ಬ್ಯಾಡ. ತೋರ್ಸು."

ಅಪ್ಪನ ದೊಡ್ಡತನ ಎಂದು ನಾನು ಲೆಕ್ಕಕ್ಕೆ ಹಿಡಿಯುವುದು ಈ ಒಂದು ಮಾತನ್ನು. ಅಣ್ಣನ ಕಥೆಯಲ್ಲಿ ಇದು ಬರುವುದೇ ಇಲ್ಲ.

ತೋರಿಸುವುದು ಏನನ್ನು ಎಂಬುದನ್ನು ಇಲ್ಲಿ ಹೇಳಿಬಿಡುತ್ತೇನೆ. ಎಣ್ಣೆ ಬಿಸಿಯಾಗಿ ಗಾಳಿ ತಾಗಿದರೆ ಅದರ ಒಂದು ಕಣಕ್ಕೆ ಆಮ್ಲಜನಕ ಅಂಟಿಕೊಳ್ಳುತ್ತದೆ. ಆ ಕಣ ಸುಮ್ಮನಿರುವುದಿಲ್ಲ. ಪಕ್ಕದ ಕಣದಿಂದ ಒಂದು ಹೈಡ್ರೋಜನ್ ಕಿತ್ತುಕೊಳ್ಳುತ್ತದೆ, ಅದು ಅದರ ಪಕ್ಕದ್ದರಿಂದ. ಹಮಾಲರು ಸಾಲಾಗಿ ನಿಂತು ಲಾರಿಗೆ ಚೀಲ ದಾಟಿಸುವುದನ್ನು ನೋಡಿದ್ದೀರಲ್ಲ, ಹಾಗೆ ಕೇಡು ಕೈಯಿಂದ ಕೈಗೆ ದಾಟುತ್ತದೆ. ಕಬ್ಬಿಣದ ಪುಡಿ, ತಾಮ್ರ ಇದ್ದರೆ ಇನ್ನೂ ಬೇಗ. ಕೊನೆಗೆ ಎಣ್ಣೆ ಹುಳಿಯಾಗುತ್ತದೆ, ದಪ್ಪವಾಗುತ್ತದೆ, ಜಿಗಟಾಗುತ್ತದೆ. ಅದಕ್ಕೇ ಕಂಪನಿಯವರು ಬೇರೊಂದು ಜಾತಿಯ ಕಣಗಳನ್ನು ಬೆರೆಸುತ್ತಾರೆ. ಕೆಲವು ಫೀನಾಲ್‌ಗಳು, ಕೆಲವು ಅಮೀನ್‌ಗಳು. ಸಾಲಿನ ನಡುವೆ ನಿಂತ ಒಬ್ಬ ಹಮಾಲ ಬಂದ ಚೀಲ ಇಸಕೊಂಡು, ಮುಂದಕ್ಕೆ ಕೊಡದೆ ಅದರ ಮೇಲೇ ಕೂತುಬಿಟ್ಟರೆ ಸಾಲು ನಿಲ್ಲುತ್ತದೆ. ಈ ಕಣಗಳ ಕೆಲಸವೂ ಅದೇ. ತಮ್ಮ ಹೈಡ್ರೋಜನ್ ಕೊಟ್ಟು ಕೇಡನ್ನು ತಾವು ಹೊತ್ತು ಕೂತುಬಿಡುತ್ತವೆ. ಗಂಧಕದವು, ಸತುವು-ರಂಜಕದವು ಬೇರೆ ಕೆಲಸಕ್ಕೆ: ನಡುವೆ ಹುಟ್ಟುವ ಪೆರಾಕ್ಸೈಡುಗಳನ್ನು ಮುರಿದು ಹಾಕಲು.

ಅಮೀನ್‌ಗಳು ಹೀಗೆ ದುಡಿದು ಸವೆಯುತ್ತಾ ಕಪ್ಪಾಗುತ್ತವೆ. ಹಳೇ ಎಣ್ಣೆಯ ಕಪ್ಪೆಲ್ಲ ಹೊಲಸಲ್ಲ, ಅದರಲ್ಲಿ ಒಂದು ಪಾಲು ಕೆಲಸ ಮಾಡಿದವರ ಮೈಬಣ್ಣ. ನಾವು ಅದನ್ನೇ ಕೊಳೆ ಎಂದು ಬೂದಿಗೆ ಹಾಕಿ ತೆಗೆಯುತ್ತಿದ್ದೆವು, ಕೆಳಗೆ ಬಂದ ಬಡಪಾಯಿ ಎಣ್ಣೆಯ ತಿಳಿಬಣ್ಣ ನೋಡಿ ಉಗುರು ಚಾಚುತ್ತಿದ್ದೆವು.

ನಾಲ್ಕು ಬಾಟಲಿ. ಹೌದು, ನಾಲ್ಕು ಎಂದೇ ಬರೆಯುತ್ತೇನೆ. ದವಾಖಾನೆಯಿಂದ ತಂದ ಗ್ಲೂಕೋಸಿನ ಗಾಜಿನ ಬಾಟಲಿಗಳು. ಒಂದರಲ್ಲಿ ಡಬ್ಬಿಯಿಂದ ತೆಗೆದ ಹೊಸ ಗೇರ್ ಎಣ್ಣೆ. ಎರಡನೆಯದರಲ್ಲಿ ಇನ್ನೊಂದು ಲಾರಿಯಿಂದ ಇಳಿಸಿ ಬರೀ ಬಟ್ಟೆಯಲ್ಲಿ ಸೋಸಿದ ಕರೀ ಎಣ್ಣೆ. ಮೂರನೆಯದರಲ್ಲಿ ಅದೇ ಕರೀ ಎಣ್ಣೆಯನ್ನು ಬೂದಿಯಲ್ಲಿ ಇಳಿಸಿದ್ದು. ಎಲ್ಲಕ್ಕೂ ಒಂದೊಂದು ತುಂಡು ತಾಮ್ರದ ತಂತಿ, ಒಂದೊಂದು ಚಿಟಿಕೆ ಕಬ್ಬಿಣದ ಅರದ ಪುಡಿ. ಬಾಯ್ಲರಿನ ಪಕ್ಕದ ಕಟ್ಟೆ ಹಗಲೆಲ್ಲ ಸುಡುತ್ತಿತ್ತು. ಲ್ಯಾಬಿನಿಂದ ತಂದಿದ್ದ ಥರ್ಮಾಮೀಟರಿನಲ್ಲಿ ಪಾದರಸ ನೂರರ ಗೆರೆ ದಾಟಿದ್ದು ನೆನಪು.

ನಾಲ್ಕನೆಯದಕ್ಕೆ ನಾನು ಚಾಚಾನನ್ನೇ ಕೇಳಿದೆ. ಅವನು ದಿನಾ ಮಿಲ್ಲಿಗೆ ಬಂದು, ಲಾರಿ ಇಲ್ಲದ ಜಾಗದಲ್ಲಿ ಲಾರಿಗೆ ಆತು ನಿಂತವನಂತೆ ನಿಲ್ಲುತ್ತಿದ್ದ.

"ಚಾಚಾ, ಹೊಸಾ ಎಣ್ಣ್ಯಾಗ ಕುಸುಬಿ ಎಣ್ಣಿ ಬೆರೆಸಿದ್ದು ಒಂದು ಇಡಬೇಕು."

"ಅದ್ಯಾಕವ್ವಾ?"

"ಸಾವಕಾರ ಹೇಳಿದ್ದು ಅದನ್ನ ಅಲ್ಲೇನು? ಇಡದಿದ್ರ ಪರೀಕ್ಷಾ ಅರ್ಧ ಆಕೈತಿ."

ಮರುದಿನ ಮನೆಯಿಂದ ಸಣ್ಣ ಸೀಸೆಯಲ್ಲಿ ತಂದುಕೊಟ್ಟ. "ತಗೋ. ನನ್ನ ಮ್ಯಾಲಿನ ಫಿರ್ಯಾದಿ ನಾನ ತಂದು ಕೊಡಾಕತ್ತೀನಿ ನೋಡು."

ನಕ್ಕ. ನಾನೂ ನಕ್ಕೆ. ಆಗ ಅದು ನಗುವ ಮಾತಾಗಿತ್ತು.

ಬಾಟಲಿಗಳು ಮಿಲ್ಲಿನವರ ತಮಾಷೆಯಾದವು. ಭತ್ತ ಹರವಲು ಬರುತ್ತಿದ್ದ ಹೆಂಗಸರು ಬಗ್ಗಿ ನೋಡಿ, "ಮಿಸ್ತ್ರಿ ಮಗಳು ಉಪ್ಪಿನಕಾಯಿ ಹಾಕ್ಯಾಳ, ವರ ಬಂದ್ರ ಬಡಸಾಕ" ಎನ್ನುತ್ತಿದ್ದರು. ಹಮಾಲರು ಚಹಾದ ಮೇಲೆ ಪಂಥ ಕಟ್ಟಿದರು, ಎಲ್ಲರೂ ತಿಳಿ ಎಣ್ಣೆಯ ಕಡೆಗೇ. ಬಾಯ್ಲರಿಗೆ ಹೊಟ್ಟು ಹಾಕುತ್ತಿದ್ದವನು ಕಾಲುವೆ ಕಡೆಯ ಆಂಧ್ರದವರ ಕ್ಯಾಂಪಿನವನು, ಅರ್ಧ ತೆಲುಗು ಅರ್ಧ ಕನ್ನಡ. "ಅಮ್ಮಾ, ಈ ನಲ್ಲದು ಗೆದ್ದರೆ ನಾನು ಮೀಸೆ ತೀಸೇಸ್ತಾನು" ಎಂದು ಕರೀ ಬಾಟಲಿ ತೋರಿಸಿ ಆಣೆ ಹಾಕಿದ. ನಲ್ಲದು ಎಂದರೆ ಕಪ್ಪು, ತೀಸೇಸ್ತಾನು ಎಂದರೆ ತೆಗೆದುಬಿಡುತ್ತೇನೆ. ಅಪ್ಪ ಮಾತ್ರ ಆ ಕಟ್ಟೆಯ ಹತ್ತಿರ ಸುಳಿಯಲಿಲ್ಲ. ನಟ್ಟು ಬಿಚ್ಚುವ ಪಾನಾ ಬೇಕಾದರೂ ಸುತ್ತು ಹಾಕಿ ಹೋಗುತ್ತಿದ್ದ.

ಮೊದಲು ತಿಳಿ ಬಾಟಲಿ ಮಂಕಾಯಿತು. ಆಮೇಲೆ ಚಹಾದ ಬಣ್ಣ. ಆಮೇಲೆ ಅದಕ್ಕಿಂತ ದಟ್ಟ. ಸುಮಾರು ಹತ್ತು ದಿನಕ್ಕೆ ಬಾಟಲಿ ವಾರೆ ಮಾಡಿದರೆ ಅದು ಗಾಜಿಗೆ ಅಂಟಿಕೊಂಡು ಮೆಲ್ಲಗೆ ಜಾರುತ್ತಿತ್ತು. ಕಡ್ಡಿಯಲ್ಲಿ ಎತ್ತಿ, ನೀರಲ್ಲಿ ಕಲಕಿ, ಆ ನೀರಿಗೆ ನೀಲಿ ಲಿಟ್ಮಸ್ ಅದ್ದಿದೆ. ಕೆಂಪಾಯಿತು. ತಾಮ್ರದ ತಂತಿಯ ಮೇಲೆ ಕಂದು ಪೊರೆ. ಕರೀ ಎಣ್ಣೆ ಕರೀ ಎಣ್ಣೆಯಾಗಿಯೇ ಇತ್ತು, ಬಾಟಲಿ ಓರೆ ಮಾಡಿದರೆ ಸಲೀಸಾಗಿ ಹರಿಯುತ್ತಿತ್ತು. ಹೊಸದು ಒಂದು ಛಾಯೆ ಮಾತ್ರ ಕಪ್ಪಾಗಿತ್ತು.

ಕುಣಿಯಬೇಕೆನಿಸಿತು. ಆಮೇಲೆ ನಾಲ್ಕನೆಯ ಬಾಟಲಿಯನ್ನು ಎತ್ತಿದೆ.

ಅದೂ ಜಿಗಟು. ಅದೂ ಕಮಟು. ಮೂರನೆಯದನ್ನೂ ನಾಲ್ಕನೆಯದನ್ನೂ ಒಂದಾದ ಮೇಲೊಂದು ಮೂಗಿಗೆ ಹಿಡಿದೆ. ಕಣ್ಣು ಮುಚ್ಚಿಕೊಂಡು ಮತ್ತೆ ಹಿಡಿದೆ. ಸಣ್ಣ ವ್ಯತ್ಯಾಸ ಇತ್ತು. ಆದರೆ ತಳಕಲ್ಲಿನಿಂದ ಅಪ್ಪ ತಂದ ಡಬ್ಬಿಯಲ್ಲಿದ್ದದ್ದು ಇವೆರಡರಲ್ಲಿ ಯಾವುದರ ಹಾಗೆ ಎಂದು ಎದೆ ಮುಟ್ಟಿ ಹೇಳಲು ನನ್ನಿಂದಾಗಲಿಲ್ಲ. ಅದನ್ನು ಹೇಳಬಲ್ಲ ಪರೀಕ್ಷೆಗಳು ಇದ್ದವು. ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಅವಕ್ಕೆ ಬೇಕಾದ ಸಾಮಾನಿರಲಿಲ್ಲ, ಡಬ್ಬಿಯಲ್ಲಿ ಉಳಿದದ್ದೂ ಎರಡು ಬೆರಳಷ್ಟು.

ಅಂದರೆ ನನ್ನ ಪ್ರಯೋಗ ಅಪ್ಪನ ಬೂದಿಯನ್ನು ಕಟಕಟೆಗೆ ತಂದು ನಿಲ್ಲಿಸಿತ್ತು, ಚಾಚಾನನ್ನು ಬಿಡಿಸಿರಲಿಲ್ಲ. ಎರಡು ದಾರಿಯಿಂದಲೂ ಅದೇ ಜಿಗಟಿಗೆ ಬರಬಹುದು ಎಂದು ತೋರಿಸಿತ್ತು, ಅಷ್ಟೆ.

ಅವತ್ತು ಸಂಜೆ ನಾನು ಕಟ್ಟೆಯಿಂದ ಹೊರಡುವಾಗ ನಾಲ್ಕು ಬಾಟಲಿ ಇದ್ದವು. ಚಾಚಾ ಬೂದಿ ಗುಡ್ಡದ ಬಳಿ ನಿಂತಿದ್ದ. "ಏನಾತವ್ವಾ?" ಎಂದ. ನಾಲ್ಕನೆಯದನ್ನು ತೋರಿಸಿದೆ. ಬಾಟಲಿ ವಾರೆ ಮಾಡಿ ನೋಡಿ, ಮತ್ತೆ ಕಟ್ಟೆಯ ಮೇಲಿಟ್ಟ.

ಮರುದಿನ ಹುಬ್ಬಳ್ಳಿಯ ಸೆಟ್ ಬಂತು. ಅದೇ ಮಧ್ಯಾಹ್ನ ಸಾವಕಾರನನ್ನು ಅಪ್ಪ ತಾನೇ ಕರೆದುಕೊಂಡು ಬಂದ. ಹಮಾಲರು ಸೇರಿದರು. ನಾನು ಕಟ್ಟೆಗೆ ಹೋದಾಗ ಬಾಟಲಿಗಳು ಮೂರಿದ್ದವು.

ಇಲ್ಲಿ ನನ್ನಲ್ಲಿ ಎರಡು ನೆನಪುಗಳಿವೆ. ಎರಡೂ ಒಂದೇ ಸಮ ಸ್ಪಷ್ಟ, ಅದಕ್ಕೇ ಎರಡರ ಮೇಲೂ ಸಿಟ್ಟು. ಒಂದರಲ್ಲಿ ನಾನು ಕಟ್ಟೆಗೆ ಹೋಗುತ್ತೇನೆ, ನಾಲ್ಕನೆಯದರ ಜಾಗದಲ್ಲಿ ಮಸಿಯ ನಡುವೆ ದುಂಡನೆಯ ಬಿಳೀ ಗುರುತು ಮಾತ್ರ ಇದೆ. ಇನ್ನೊಂದರಲ್ಲಿ ಅಂದು ಬೆಳಿಗ್ಗೆ ಬಾಟಲಿಯ ಬಿಸಿ ಕುತ್ತಿಗೆ ನನ್ನದೇ ಸೆರಗಿನಲ್ಲಿದೆ, ಬೂದಿ ಮೆತ್ತಗೆ ಬಾಯಿ ತೆರೆದು ಅದನ್ನು ಒಳಕ್ಕೆ ತೆಗೆದುಕೊಳ್ಳುತ್ತದೆ. ಎರಡನೆಯದು ನಡೆದದ್ದೋ, ನಡೆಯಲಿ ಎಂದು ರಾತ್ರಿಯೆಲ್ಲ ಬಯಸಿದ್ದೋ, ತಿಳಿಯದು.

ಸಾವಕಾರ ಮೂರೂ ಬಾಟಲಿಗಳನ್ನು ಓರೆ ಮಾಡಿ ನೋಡಿದ. ನಾನು ಹೇಳಿದ್ದನ್ನೆಲ್ಲ ಕೇಳಿದ. ದಡ್ಡನಲ್ಲ ಅವನು. ಆ ಇಡೀ ಗುಂಪಿನಲ್ಲಿ ಸರಿಯಾದ ಪ್ರಶ್ನೆ ಕೇಳಿದವನು ಅವನೊಬ್ಬನೇ.

"ಎಲ್ಲಾ ಛಲೋ ಮಾಡೀಯವ್ವಾ. ಕುಸುಬಿ ಎಣ್ಣಿ ಬೆರೆಸಿ ನೋಡಿಯೇನು?"

ಬಾಯ್ಲರಿನ ಸದ್ದು. ಚಾಚಾ ಹಮಾಲರ ಹಿಂದೆ ನಿಂತಿದ್ದ. ಅವನ ಕಡೆ ನಾನು ನೋಡಲಿಲ್ಲ. ಬಾಯ್ಲರಿನವನು ಸಲಿಕೆ ಹಿಡಿದು ನಿಂತಿದ್ದ. ಹತ್ತು ದಿನ ಆ ಬಾಟಲಿಗಳ ಪಕ್ಕದಲ್ಲೇ ಕಳೆದವನು.

"ಇಲ್ಲ" ಎಂದೆ.

"ಯಾಕ ನೋಡಲಿಲ್ಲ?"

"ನೀವು ಯಾಕ ನೋಡಲಿಲ್ರಿ? ಕುಸುಬಿ ಅಂತ ಹೇಳಿದವ್ರು ನೀವು. ನೋಡದ ಚಾವಿ ಇಸಕೊಂಡ್ರಿ. ನಾ ನೋಡಿ ಹೇಳಾಕತ್ತೀನಿ, ಬೂದ್ಯಾಗ ಸೋಸಿದ ಎಣ್ಣಿ ತಾನ ಕೆಟ್ಟು ಜಿಗಟು ಆಕೈತಿ. ಆ ಲಾರ್‍ಯಾಗ ಇದ್ದದ್ದು ಬೂದ್ಯಾಗ ಸೋಸಿದ ಎಣ್ಣಿ."

ನಾನು ಸುಳ್ಳು ಹೇಳಿದೆ. ಪ್ರಯೋಗ ಮಾಡಿ, ಫಲ ಕಂಡು, ಕಂಡಿಲ್ಲ ಎಂದೆ. ಇಪ್ಪತ್ತು ವರ್ಷ ವಿದ್ಯಾರ್ಥಿಗಳ ಪ್ರಯೋಗದ ಪುಸ್ತಕಗಳಿಗೆ ಸಹಿ ಹಾಕಿದ್ದೇನೆ. ಬಂದ ಫಲವನ್ನು ಬರೆಯಿರಿ, ಬೇಕಾದ ಫಲವನ್ನಲ್ಲ ಎಂದು ಗದರಿದ್ದೇನೆ. ಆ "ಇಲ್ಲ"ದ ಬಗ್ಗೆ ಮಾತ್ರ ಇವತ್ತಿಗೂ ತಲೆ ತಗ್ಗಿಸುವುದಿಲ್ಲ. ನಾಲ್ಕನೆಯ ಬಾಟಲಿ ಏನನ್ನೂ ಸಾಬೀತು ಮಾಡುತ್ತಿರಲಿಲ್ಲ. ಆದರೆ ಆ ಅಂಗಳದಲ್ಲಿ ಅದಕ್ಕೆ ಒಂದೇ ಅರ್ಥವಿತ್ತು: ಡ್ರೈವರ್ ಕಳ್ಳ. ಮೂರನೆಯ ಬಾಟಲಿಗೆ ಹತ್ತು ದಿನದ ಪುರಾವೆ ಬೇಕಾಯಿತು, ನಾಲ್ಕನೆಯದಕ್ಕೆ ಸಾವಕಾರನ ಮೂಗು ಸಾಕಾಗಿತ್ತು. ಅಂಥ ತಕ್ಕಡಿಗೆ ನಾನು ನನ್ನ ಕೈಯಾರೆ ತೂಕದ ಕಲ್ಲು ಹಾಕಲಿಲ್ಲ. ಯಾರಿಗಾದರೂ ಅದು ವಿಜ್ಞಾನಕ್ಕೆ ಮಾಡಿದ ದ್ರೋಹ ಎನಿಸಿದರೆ, ಎನಿಸಲಿ.

ಆಮೇಲೆ ಅಪ್ಪ ಮುಂದೆ ಬಂದ. ಮೂರನೆಯ ಬಾಟಲಿಗೆ ಕಡ್ಡಿ ಹಾಕಿ, ಒಂದು ತೊಟ್ಟು ಎತ್ತಿ ಹೆಬ್ಬೆರಳಿನ ಉಗುರಿನ ಮೇಲೆ ಇಟ್ಟುಕೊಂಡ. ಅದು ಹರಡಲಿಲ್ಲ, ಗುಡ್ಡೆಯಾಗಿಯೇ ಕೂತಿತು. ಬಿಸಿಲಿಗೆ ಹಿಡಿದ. ಕರೀ ಎಣ್ಣೆಯ ಒಂದು ಹನಿಯನ್ನು ಇನ್ನೊಂದು ಉಗುರಿಗೆ ಬಿಟ್ಟುಕೊಂಡ. ಎರಡರಲ್ಲೂ ಚಂದ್ರ ಕಾಣಲಿಲ್ಲ. ಯಾರೂ ನಗಲಿಲ್ಲ. ಎರಡೂ ಕೈಯನ್ನು ಪಾಯಜಾಮಕ್ಕೆ ಒರೆಸಿಕೊಂಡು ಹೇಳಿದ:

"ಸೋಸಿದಾವ ನಾನು. ಚಾವಿ ಅವಗ ಕೊಡ್ರಿ."

ತಪ್ಪಾತು ಎನ್ನಲಿಲ್ಲ. ಅಣ್ಣ ಎಷ್ಟೇ ಹೇಳಲಿ, ಎನ್ನಲಿಲ್ಲ. ನಮ್ಮಪ್ಪ ಆ ಮಾತನ್ನು ಯಾರಿಗೂ, ಅವ್ವನಿಗೂ, ಎಂದೂ ಹೇಳಿದವನಲ್ಲ. ಸಾವಕಾರ ಗೊಣಗಿಕೊಂಡೇ ಆಫೀಸಿಗೆ ಹೋಗಿ ಮೊಳೆಯಿಂದ ಚಾವಿ ತೆಗೆಸಿದ. "ಇನ್ನ ಮ್ಯಾಲ ಬೂದಿ ಮಡಿಕಿ ಕಂಡ್ರ ಮಿಸ್ತ್ರಿನೂ ಹೋಗ್ಯಾನ, ಡ್ರೈವರೂ ಹೋಗ್ಯಾನ" ಎಂದ. ಚಾಚಾ ಚಾವಿ ಇಸಕೊಂಡ. ಅಳಲಿಲ್ಲ. ಬಾಯ್ಲರಿನವನ ಕಡೆ ತಿರುಗಿ, "ಮೀಸಿ ಯಾವಾಗ ತೆಗಸ್ತಿ?" ಎಂದ, ಅಷ್ಟೆ. ಬಾಯ್ಲರಿನವನು ನನ್ನನ್ನು ನೋಡಿದ, ನಾನು ಬೂದಿ ಗುಡ್ಡವನ್ನು ನೋಡಿದೆ. ಅವನು ಮೀಸೆ ತೆಗೆಸಲಿಲ್ಲ, ಬಾಯಿಯನ್ನೂ ಬಿಡಲಿಲ್ಲ.

ಅಪ್ಪ ಸುಮಾರು ದಿನ ನನ್ನೊಡನೆ ಮಾತಾಡಲಿಲ್ಲ. ಮಡಿಕೆಯನ್ನು ಒಡೆಯಲೂ ಇಲ್ಲ. ತೂತಿಗೆ ಅರಗು ಮೆತ್ತಿ ಕೋಳಿಗಳ ನೀರಿಗೆ ಇಟ್ಟ. ರಜೆ ಮುಗಿದು ನಾನು ಕೊಪ್ಪಳಕ್ಕೆ ಹೊರಡುವ ಬೆಳಿಗ್ಗೆ ಬೀಡಿಕಟ್ಟಿನ ಕಾಗದ ಮುಂದೆ ಚಾಚಿ, "ಆ ಔಷಧದ ಹೆಸರು ಬರದು ಕೊಡು" ಎಂದ. ಕನ್ನಡ ಅಕ್ಷರದಲ್ಲಿ ಬರೆದೆ: ಫೀನಾಲ್, ಅಮೀನ್, ಗಂಧಕ, ಸತುವು. ಜೇಬಿನಲ್ಲಿಟ್ಟುಕೊಂಡ. ಮುಂದೆ ಅವನ ಗ್ಯಾರೇಜಿನಲ್ಲಿ ಕರೀ ಎಣ್ಣೆಯನ್ನು ಬಟ್ಟೆಯಲ್ಲಷ್ಟೇ ಸೋಸುತ್ತಿದ್ದರು. ಆದರೂ ಅದನ್ನು ಉಗುರಿನ ಮೇಲೆ ಬಿಟ್ಟುಕೊಂಡು ಬಿಸಿಲಿಗೆ ಹಿಡಿಯುವುದನ್ನು ಅವನು ಬಿಡಲಿಲ್ಲ. ಏನು ನೋಡುತ್ತಿದ್ದನೋ.

ಚಾಚಾ ಆ ಲಾರಿಯನ್ನು ಇನ್ನೂ ಎಷ್ಟೋ ವರ್ಷ ಓಡಿಸಿದ. ನಾನು ಅವನನ್ನು ಕೊನೆಯ ಸಲ ಕಂಡದ್ದು ಎಂಬತ್ತರ ದಶಕದ ನಡುವೆ, ಕುಷ್ಟಗಿ ಬಸ್‌ಸ್ಟ್ಯಾಂಡಿನಲ್ಲಿ. ಕೆಲಸ ಬಿಟ್ಟಿದ್ದ, ಕಣ್ಣಿನ ಆಪರೇಷನ್ ಆಗಿ ದಪ್ಪ ಕನ್ನಡಕ ಬಂದಿತ್ತು. ಧ್ವನಿಯಿಂದಲೇ ನನ್ನನ್ನು ಹಿಡಿದ. "ಆರು ಮಂದಿ ಇನ್ನೂ ಕೈ ಹಿಡಕೊಂಡ ಕುಂತಾರೇನವ್ವಾ?" ಎಂದ. ಚಹಾ ಕುಡಿದೆವು. ಮನೆ, ಮಕ್ಕಳು, ಅಪ್ಪನ ಮಂಡಿನೋವು ಎಲ್ಲ ಆಯಿತು. ಬಸ್ಸು ಬರುವ ಮುಂಚೆ ನಾನು ಕೇಳಿದೆ.

"ಚಾಚಾ, ಬಾಟ್ಲಿ ನಾಲ್ಕಿದ್ವಲ್ಲ?"

ತಡಮಾಡದೆ ಹೇಳಿದ: "ಮೂರು."

"ಕುಸುಬಿ ಎಣ್ಣಿ ನೀನ ತಂದುಕೊಟ್ಟಿದ್ದಿ."

"ಮೂರು ಇದ್ವು ತಂಗಿ. ಎಲ್ಲಾರ ಮುಂದ ನೀನ ಹೇಳಿದ್ದಿ ಅಲ್ಲೇನು?" ಕನ್ನಡಕ ತೆಗೆದು ಒರೆಸಿಕೊಂಡ. ಅವನ ಮುಖದಲ್ಲಿದ್ದದ್ದು ಉಪಕಾರದ ನೆನಪೋ, ಎಚ್ಚರಿಕೆಯೋ, ಬರೀ ಬಿಸಿಲೋ. ಯಲಬುರ್ಗಿಯ ಬಸ್ಸು ಬಂತು. ಹತ್ತಿಕೊಂಡ. ಕಿಟಕಿಯಿಂದ ಕೈ ಬೀಸಲಿಲ್ಲ, ಅವನು ಯಾವತ್ತೂ ಬೀಸುವವನಲ್ಲ.

ಅಪ್ಪ ಈಗಿಲ್ಲ, ಚಾಚಾ ಇಲ್ಲ. ಬಾಯ್ಲರಿನವನು ಎಲ್ಲಿದ್ದಾನೋ ತಿಳಿಯದು. ಅಣ್ಣನ ಕಥೆ ಮುಂದಿನ ಮದುವೆಯಲ್ಲಿ ಮತ್ತೆ ನಡೆಯುತ್ತದೆ.

ಬೂದಿಯಲ್ಲಿ ಸೋಸಿದ ಎಣ್ಣೆ ಕೆಡುತ್ತದೆ. ಅದು ನನಗೆ ಗೊತ್ತು. ನಾಲ್ಕನೆಯ ಬಾಟಲಿಯನ್ನು ಕಟ್ಟೆಯಿಂದ ತೆಗೆದದ್ದು ಚಾಚಾನೋ, ಅಪ್ಪನೋ, ಬಾಯ್ಲರಿನವನೋ, ನಾನೋ, ಗೊತ್ತಿಲ್ಲ. ಚಾಚಾ ಆ ಲಾರಿಯ ಗೇರ್ ಎಣ್ಣೆ ಮಾರಿದ್ದನೋ ಇಲ್ಲವೋ, ಅದೂ ಗೊತ್ತಿಲ್ಲ.